ಪುಕ್ಕಟೆ ವೈ-ಫೈ: ಕೊಡುವವರ ಹೊಣೆ ಮತ್ತು ಎಚ್ಚರ

(ರಜತ ಮಹೋತ್ಸವದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾವು ಓದಿದ್ದು ಎಸ್.ಎಸ್.ಎಲ್.ಸಿ. ತನಕ. ಹತ್ತಿ, ತೊಗರಿ, ಕಾಲುವೆ ನೀರು ಬಂದರೆ ಭತ್ತ, ಇಷ್ಟು ಬೆಳೆಯುವ ಒಕ್ಕಲುತನದವರು. ಕಂಪ್ಯೂಟರ್ ಶಾಸ್ತ್ರ ಕಲಿತವರಲ್ಲ. ಆದರೆ ಸಂಘದ ಹೆಸರಿನಲ್ಲಿ ಏನು ಬರುತ್ತದೆ, ಸಂಘದ ಹೆಸರಿನಲ್ಲಿ ಏನು ಹೋಗುತ್ತದೆ ಎಂದು ನೋಡಿಕೊಳ್ಳಲು ನೀವು ನಮ್ಮನ್ನು ಆರಿಸಿ ಕೂಡಿಸಿದ್ದೀರಿ. ಅದಕ್ಕಾಗಿ ಈ ವಿಷಯವನ್ನು ತಿಳಿದವರನ್ನು ಕೇಳಿ, ಓದಿ, ನಿಮ್ಮ ಮುಂದೆ ಇಡುತ್ತಿದ್ದೇವೆ.

ಮೊದಲು ಬೇಡಿಕೆ ಏನೆಂಬುದು ಎಲ್ಲರಿಗೂ ಗೊತ್ತಾಗಲಿ. ರಜತ ಮಹೋತ್ಸವದ ನೆನಪಿಗೆ ಸಂಘದ ಮುಂದಿನ ಕಟ್ಟೆಯ ಮೇಲೆ ಊರಿನವರಿಗೆಲ್ಲ ಪುಕ್ಕಟೆ ವೈ-ಫೈ ಬಿಡಬೇಕು ಎಂದು ಹುಡುಗರು ಸಹಿ ಮಾಡಿ ಅರ್ಜಿ ಕೊಟ್ಟಿದ್ದಾರೆ. ಕಚೇರಿಗೆ ಇಂಟರ್‌ನೆಟ್ ಸಂಪರ್ಕ ಈಗಾಗಲೇ ಇದೆ, ಅದರ ಪಾಸ್‌ವರ್ಡ್ ತೆಗೆದುಬಿಟ್ಟರೆ ಮುಗಿಯಿತು, ಸಂಘಕ್ಕೆ ಒಂದು ರೂಪಾಯಿ ಖರ್ಚಿಲ್ಲ ಎಂಬುದು ಅವರ ವಾದ. "ಪಾಸ್‌ವರ್ಡ್ ಯಾಕ್ರೀ ಕಾಕಾ, ಎಲ್ಲಾರೂ ನಮ್ಮೂರವರೇ ಅದಾರಲ್ಲ" ಎಂದು ನಮ್ಮನ್ನೇ ಕೇಳಿದರು. ನಮ್ಮ ಉತ್ತರ ಇಷ್ಟೇ. ವೈ-ಫೈ ಕೊಡೋಣ. ಆದರೆ ಯಾರು ಬಳಸುತ್ತಾರೆ ಎಂಬ ಗುರುತಿಲ್ಲದೆ ಕೊಡುವುದು ಬೇಡ. ಅದು ಯಾಕೆ ಎಂಬುದೇ ಇವತ್ತಿನ ನಮ್ಮ ಮಾತು.

ಬೇಡಿಕೆ ತಪ್ಪಲ್ಲ, ಅವಶ್ಯಕತೆ ಖರೆ ಇದೆ. ನಮ್ಮ ಯಾದಗಿರಿ ಜಿಲ್ಲೆ 2009ರ ಡಿಸೆಂಬರ್ ಕೊನೆಗೆ ಕಲಬುರಗಿಯಿಂದ ಬೇರೆಯಾಯಿತು. 2018ರಲ್ಲಿ ಕೇಂದ್ರ ಸರ್ಕಾರ ದೇಶದ ಹಿಂದುಳಿದ ಜಿಲ್ಲೆಗಳನ್ನು ಮುಂದೆ ತರಲು ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿ ಮಾಡಿದಾಗ ಕರ್ನಾಟಕದಿಂದ ಸೇರಿದ್ದು ಎರಡೇ, ರಾಯಚೂರು ಮತ್ತು ಯಾದಗಿರಿ. ಇಂದು ಪಹಣಿ, ಬೆಳೆ ವಿಮೆ, ಫ್ರೂಟ್ಸ್ ನೋಂದಣಿ, ಪಿ.ಎಂ. ಕಿಸಾನ್ ಇ-ಕೆವೈಸಿ, ಮಕ್ಕಳ ವಿದ್ಯಾರ್ಥಿವೇತನ, ಪರೀಕ್ಷೆಯ ಫಲಿತಾಂಶ, ಎಲ್ಲವೂ ಇಂಟರ್‌ನೆಟ್ ಮೇಲೆಯೇ. ಸಿಗ್ನಲ್ ಸಿಗದಿದ್ದರೆ ಶಹಾಪುರಕ್ಕೋ ಸುರಪುರಕ್ಕೋ ಬಸ್ ಹಿಡಿದು ಹೋಗಿ ಒಂದು ದಿನದ ಕೂಲಿ ಕಳೆದುಕೊಳ್ಳಬೇಕು. ಬೆಂಗಳೂರು, ಪುಣೆ, ಮುಂಬೈಗೆ ದುಡಿಯಲು ಹೋದ ಮಕ್ಕಳ ಮುಖವನ್ನು ಮೊಬೈಲಿನಲ್ಲಿ ನೋಡಿ ಸಮಾಧಾನ ಪಡುವ ತಾಯಂದಿರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಆದ್ದರಿಂದ ಬೇಡ ಎಂದು ಬಾಯಿ ಮುಚ್ಚಿಸುವುದು ಸಹಕಾರಿಯ ಲಕ್ಷಣವಲ್ಲ.

ಈಗ ಹೊಣೆಯ ಮಾತಿಗೆ ಬರೋಣ. ಸಾಲ ಕೊಡುವಾಗ ನಮ್ಮ ಸಂಘ ಏನು ಮಾಡುತ್ತದೆ? ಸದಸ್ಯತ್ವ ನೋಡುತ್ತದೆ, ಪಹಣಿ ನೋಡುತ್ತದೆ, ಜಾಮೀನುದಾರರ ಸಹಿ ಹಾಕಿಸುತ್ತದೆ, ಪುಸ್ತಕದಲ್ಲಿ ಬರೆಯುತ್ತದೆ. ಇದು ಯಾರ ಮೇಲಿನ ಅಪನಂಬಿಕೆಯಿಂದಲೂ ಅಲ್ಲ. ನಾಳೆ ಪ್ರಶ್ನೆ ಬಂದರೆ ಉತ್ತರ ಇರಬೇಕು ಅಂತ. ಇಂಟರ್‌ನೆಟ್ ಸಂಪರ್ಕವೂ ಹಾಗೆಯೇ. ಅರ್ಜಿ ಸಂಘದ್ದು, ಸಹಿ ಸಂಘದ್ದು, ಬಿಲ್ಲು ಸಂಘದ ಹೆಸರಿಗೆ. ಅದನ್ನು ಗುರುತಿಲ್ಲದೆ ಬಿಟ್ಟುಕೊಡುವುದೆಂದರೆ ದಾರಿಯಲ್ಲಿ ಹೋಗುವ ಎಲ್ಲರಿಗೂ ಸಂಘ ಜಾಮೀನು ನಿಂತಂತೆ. ಇನ್ನೂ ಸರಳವಾಗಿ ಹೇಳಬೇಕೆಂದರೆ ಸಂಘದ ಮೊಹರನ್ನು ಕಟ್ಟೆಯ ಮೇಲೆ ಇಟ್ಟು, ಬೇಕಾದವರು ಬೇಕಾದ ಕಾಗದಕ್ಕೆ ಒತ್ತಿಕೊಳ್ಳಿ ಎಂದು ಮನೆಗೆ ಹೋದಂತೆ.

ಇದು ಹೇಗೆ ಎಂದು ಕೇಳಬಹುದು. ವೈ-ಫೈ ಹಂಚುವ ಪೆಟ್ಟಿಗೆಗೆ ರೂಟರ್ ಎನ್ನುತ್ತಾರೆ. ಅದರಿಂದ ಹತ್ತು ಜನ ಬಳಸಲಿ, ಐವತ್ತು ಜನ ಬಳಸಲಿ, ಹೊರಗಿನ ಜಗತ್ತಿಗೆ ಕಾಣುವುದು ಒಂದೇ ವಿಳಾಸ. ಅದಕ್ಕೆ ಐ.ಪಿ. ವಿಳಾಸ ಎಂದು ಹೆಸರು. ನಾರಾಯಣಪುರ ಎಡದಂಡೆ ಕಾಲುವೆಯ ಒಂದು ತೂಬಿನಿಂದ ಹತ್ತು ಹೊಲಕ್ಕೆ ನೀರು ಹೋದರೂ ಕಾಲುವೆಯ ಮೇಲೆ ನಿಂತವನಿಗೆ ತೂಬು ಒಂದೇ ಕಾಣುತ್ತದೆ. ಒಳಗೆ ನೀರು ಯಾರ ಹೊಲಕ್ಕೆ ತಿರುಗಿತು ಎಂಬುದು ತಿರುಗಿಸಿದವನಿಗೇ ಗೊತ್ತು. ಹಾಗೆಯೇ ಯಾರೋ ಒಬ್ಬ ಕೆಟ್ಟ ಸಂದೇಶ ಕಳಿಸಿದರೆ, ಯಾರದೋ ಖಾತೆಯಿಂದ ರೊಕ್ಕ ಎಳೆದರೆ, ಪೊಲೀಸರು ಹುಡುಕುತ್ತಾ ಬರುವುದು ಆ ವಿಳಾಸ ಯಾರ ಹೆಸರಿನಲ್ಲಿದೆಯೋ ಅವರ ಬಾಗಿಲಿಗೆ. ಇನ್ನೊಂದು ಮಾತು. ಎಲ್ಲರೂ ನಮ್ಮೂರವರೇ ಎನ್ನುವ ಹಾಗಿಲ್ಲ. ವೈ-ಫೈ ಗೋಡೆಗೆ ನಿಲ್ಲುವುದಿಲ್ಲ. ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಕುಳಿತವನಿಗೂ ಸಿಗುತ್ತದೆ, ಅವನು ಯಾವ ಊರಿನವನೆಂದು ಅದು ಕೇಳುವುದಿಲ್ಲ.

ನಮ್ಮ ದೇಶದಲ್ಲೇ ನಡೆದ ಘಟನೆ ಕೇಳಿ. 2008ರ ಜುಲೈ 25ರಂದು ಬೆಂಗಳೂರಿನಲ್ಲಿ ಸರಣಿ ಬಾಂಬ್ ಸ್ಫೋಟವಾಯಿತು. ಮರುದಿನ ಜುಲೈ 26ರಂದು ಅಹಮದಾಬಾದಿನಲ್ಲಿ ಸ್ಫೋಟಗಳಾಗಿ 50ಕ್ಕೂ ಹೆಚ್ಚು ಜನ ಸತ್ತರು. ಅಹಮದಾಬಾದಿನ ಸ್ಫೋಟಕ್ಕೆ ಕೆಲವೇ ನಿಮಿಷ ಮುಂಚೆ ಟಿ.ವಿ. ಚಾನೆಲ್‌ಗಳಿಗೆ ಒಂದು ಇ-ಮೇಲ್ ಹೋಗಿತ್ತು. ಅದರ ವಿಳಾಸ ಹಿಡಿದು ಪೊಲೀಸರು ಹೋದಾಗ ಸಿಕ್ಕಿದ್ದು ನವಿ ಮುಂಬೈನಲ್ಲಿ ವಾಸವಾಗಿದ್ದ ಒಬ್ಬ ಅಮೆರಿಕದ ಪ್ರಜೆಯ ಮನೆ. ಅವರ ವೈ-ಫೈಗೆ ಭದ್ರತೆ ಇರಲಿಲ್ಲ. ಹೊರಗಿನಿಂದ ಯಾರೋ ಅದಕ್ಕೆ ಸೇರಿಕೊಂಡು ಪತ್ರ ಕಳಿಸಿದ್ದರು. ಆ ಮನುಷ್ಯನ ಕೈವಾಡ ಇಲ್ಲವೆಂದು ಕೊನೆಗೆ ತಿಳಿಯಿತು. ಆದರೆ ಅಷ್ಟರೊಳಗೆ ಅವರ ಕಂಪ್ಯೂಟರ್ ಪೊಲೀಸರ ವಶಕ್ಕೆ ಹೋಗಿತ್ತು, ವಿಚಾರಣೆ ನಡೆದಿತ್ತು, ದೇಶದ ಪತ್ರಿಕೆಗಳಲ್ಲೆಲ್ಲ ಹೆಸರು ಬಂದಿತ್ತು. ಅಲ್ಲಿಗೆ ನಿಲ್ಲಲಿಲ್ಲ. ಆಗಸ್ಟಿನಲ್ಲಿ ಮುಂಬೈನ ಒಂದು ಕಾಲೇಜಿನ, ಸೆಪ್ಟೆಂಬರಿನ ದೆಹಲಿ ಸ್ಫೋಟದ ಹೊತ್ತಿಗೆ ಚೆಂಬೂರಿನ ಒಂದು ಕಂಪನಿಯ ವೈ-ಫೈ ಇದೇ ರೀತಿ ದುರುಪಯೋಗವಾಯಿತು. ಒಬ್ಬ ಗೃಹಸ್ಥ, ಒಂದು ವಿದ್ಯಾಸಂಸ್ಥೆ, ಒಂದು ವ್ಯಾಪಾರಿ ಸಂಸ್ಥೆ. ಮೂವರೂ ಯಾರಿಗೂ ಕೇಡು ಬಗೆದವರಲ್ಲ.

ಇದಾದ ಮೇಲೆ 2009ರ ಫೆಬ್ರವರಿಯಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆ ಇಂಟರ್‌ನೆಟ್ ಕಂಪನಿಗಳಿಗೆ ಆದೇಶ ಹೊರಡಿಸಿತು. ಸಾರ್ವಜನಿಕ ಸ್ಥಳದಲ್ಲಿ ವೈ-ಫೈ ಕೊಡುವುದಾದರೆ ಬಳಸುವವರ ಗುರುತು ಇರಲೇಬೇಕು. ಒಂದೋ ಫೋಟೋ ಇರುವ ಗುರುತಿನ ಚೀಟಿಯ ಪ್ರತಿ, ಇಲ್ಲವೇ ಅವರ ಮೊಬೈಲಿಗೆ ಎಸ್.ಎಂ.ಎಸ್. ಮೂಲಕ ಕಳಿಸಿದ ಗುಪ್ತ ಸಂಖ್ಯೆ, ಮತ್ತು ಅದರ ದಾಖಲೆ ಒಂದು ವರ್ಷದ ತನಕ. ಬೆಂಗಳೂರಿನಲ್ಲಿ 2014ರ ಜನವರಿಯಲ್ಲಿ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆ ಮೊದಲಾದ ಕಡೆ 'ನಮ್ಮ ವೈ-ಫೈ' ಶುರುವಾದಾಗಲೂ ಮೊಬೈಲ್ ನಂಬರು ಕೊಟ್ಟು, ಗುಪ್ತ ಸಂಖ್ಯೆ ಹಾಕಿದವರಿಗಷ್ಟೇ ಸಂಪರ್ಕ ಸಿಗುತ್ತಿತ್ತು. 2016ರಿಂದ ರೈಲು ನಿಲ್ದಾಣಗಳಲ್ಲಿ ಬಂದ ಪುಕ್ಕಟೆ ವೈ-ಫೈಗೂ ಅದೇ ಪದ್ಧತಿ. ಅಂದರೆ ಪುಕ್ಕಟೆ ಕೊಡುವುದು ಬೇರೆ, ಗುರುತಿಲ್ಲದೆ ಕೊಡುವುದು ಬೇರೆ. ಸರ್ಕಾರ ಮತ್ತು ರೈಲ್ವೆಯವರೇ ಗುರುತು ಕೇಳುವಾಗ ನಮ್ಮ ಸಂಘ ಕೇಳಿದರೆ ಅದರಲ್ಲಿ ನಾಚಿಕೆ ಏನಿದೆ?

ಕಾನೂನು ಏನು ಹೇಳುತ್ತದೆ ಎಂಬುದನ್ನೂ ಹೇಳಿಬಿಡುತ್ತೇವೆ, ಹೆದರಿಸಲಿಕ್ಕಲ್ಲ. ಬೇರೆಯವರು ಮಾಡಿದ ಅಪರಾಧಕ್ಕೆ ವೈ-ಫೈ ಕೊಟ್ಟವರಿಗೆ ನೇರವಾಗಿ ಶಿಕ್ಷೆ ಆಗುತ್ತದೆ ಎಂಬುದು ಸುಳ್ಳು. 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಕಲಮು ಮಧ್ಯವರ್ತಿಗಳಿಗೆ ರಕ್ಷಣೆ ಕೊಟ್ಟಿದೆ. ಸಂದೇಶ ನಾವು ಕಳಿಸಿದ್ದಲ್ಲ, ನಾವು ಬರೀ ದಾರಿ ಕೊಟ್ಟವರು ಎಂದು ಹೇಳಲು ಅದು ಆಧಾರ. ಆದರೆ ಆ ರಕ್ಷಣೆಗೆ ಒಂದು ಷರತ್ತಿದೆ. ನಾವು ಮಾಡಬೇಕಾದ ಎಚ್ಚರಿಕೆಯನ್ನು ಮಾಡಿರಬೇಕು, ಅಪರಾಧಕ್ಕೆ ಕೈಜೋಡಿಸಿರಬಾರದು. ಇದರ ಜೊತೆಗೆ ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ, ಸರ್ಟ್-ಇನ್, 2022ರ ಏಪ್ರಿಲ್ 28ರಂದು ನಿರ್ದೇಶನ ಹೊರಡಿಸಿದೆ. ಅದರ ಪ್ರಕಾರ ಸೇವೆ ಕೊಡುವವರು, ಮಧ್ಯವರ್ತಿಗಳು ಮತ್ತು ಸಂಸ್ಥೆಗಳು ಬಳಕೆಯ ದಾಖಲೆಯನ್ನು 180 ದಿನ ಇಟ್ಟುಕೊಳ್ಳಬೇಕು, ಸೈಬರ್ ದಾಳಿ ಗೊತ್ತಾದ 6 ತಾಸಿನೊಳಗೆ ವರದಿ ಮಾಡಬೇಕು. ಪುಕ್ಕಟೆ ಕೊಟ್ಟಿದ್ದೇವೆ ಎಂಬ ಮಾತಿನಿಂದ ಈ ಹೊಣೆ ತಪ್ಪುವುದಿಲ್ಲ.

ಬೇರೆ ದೇಶದ ಒಂದು ಉದಾಹರಣೆ ಕೊಡುತ್ತೇವೆ. ಜರ್ಮನಿಯ ಮ್ಯೂನಿಕ್ ಹತ್ತಿರ ದೀಪ, ಧ್ವನಿವರ್ಧಕದ ವ್ಯಾಪಾರ ಮಾಡುವ ಒಬ್ಬ ಅಂಗಡಿಕಾರ ಗಿರಾಕಿಗಳು ಬರಲಿ ಎಂದು ಪಾಸ್‌ವರ್ಡ್ ಇಲ್ಲದ ವೈ-ಫೈ ಇಟ್ಟಿದ್ದ. 2010ರಲ್ಲಿ ಆ ಸಂಪರ್ಕದಿಂದ ಹಕ್ಕು ಇಲ್ಲದ ಸಂಗೀತವನ್ನು ಹಂಚಲಾಯಿತು. ಸೋನಿ ಮ್ಯೂಸಿಕ್ ಕಂಪನಿ ಅಂಗಡಿಕಾರನ ಹಿಂದೆ ಬಿತ್ತು. ಮೊಕದ್ದಮೆ ಯುರೋಪಿನ ದೊಡ್ಡ ನ್ಯಾಯಾಲಯದವರೆಗೆ ಹೋಗಿ 2016ರ ಸೆಪ್ಟೆಂಬರಿನಲ್ಲಿ ತೀರ್ಪು ಬಂತು. ಅಂಗಡಿಕಾರ ನಷ್ಟ ತುಂಬಿಕೊಡಬೇಕಾಗಿಲ್ಲ, ಆದರೆ ಪಾಸ್‌ವರ್ಡ್ ಹಾಕು, ಗುರುತು ತಿಳಿಸಿದವರಿಗಷ್ಟೇ ಅದನ್ನು ಕೊಡು ಎಂದು ಅವನಿಗೆ ಆದೇಶ ಮಾಡಬಹುದು ಎಂದು ನ್ಯಾಯಾಲಯ ಹೇಳಿತು. ನೋಡ್ರಿ, ಆರು ವರ್ಷ ಓಡಾಡಿದ ಮೇಲೆ ಬಂದು ನಿಂತದ್ದು ಅದೇ ಪಾಸ್‌ವರ್ಡಿಗೆ. ನಾವು ಅದನ್ನು ಮೊದಲ ದಿನವೇ ಹಾಕಿದರೆ ಆಯಿತಲ್ಲ.

ಇನ್ನು ಸಂಘದ ಸ್ವಂತ ರೊಕ್ಕದ ವಿಚಾರ. ನಮ್ಮ ದೃಷ್ಟಿಯಲ್ಲಿ ಇದು ಪೊಲೀಸ್ ನೋಟಿಸಿಗಿಂತ ದೊಡ್ಡದು. 2022ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಕಂಪ್ಯೂಟರ್ ಲೆಕ್ಕ ತರಲು 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಸಾಲ, ಠೇವಣಿ, ಗೊಬ್ಬರ, ಎಲ್ಲ ಲೆಕ್ಕವೂ ನಬಾರ್ಡ್ ನಡೆಸುವ ಒಂದೇ ಸಾಫ್ಟ್‌ವೇರ್‌ಗೆ ಬರಬೇಕೆಂಬುದು ಅದರ ಉದ್ದೇಶ. ಒಳ್ಳೆಯದೇ. ಆದರೆ ಲೆಕ್ಕದ ಕಂಪ್ಯೂಟರ್ ಮತ್ತು ಕಟ್ಟೆಯ ಮೇಲಿನ ಪುಕ್ಕಟೆ ವೈ-ಫೈ ಒಂದೇ ಪೆಟ್ಟಿಗೆಗೆ ಸೇರಿದ್ದರೆ ಅಪಾಯ. ಕಟ್ಟೆಯ ಮೇಲೆ ಕುಳಿತವನ ಮೊಬೈಲೂ, ಕಾರ್ಯದರ್ಶಿಗಳ ಕಂಪ್ಯೂಟರೂ ಒಂದೇ ಮನೆಯೊಳಗೆ ಇದ್ದಂತೆ ಆಗುತ್ತದೆ. ಆಗ ನಡುವಿನ ಬಾಗಿಲು ತಟ್ಟುವುದು ಕಷ್ಟವಲ್ಲ.

ಅಮೆರಿಕದಲ್ಲಿ ಟಿ.ಜೆ.ಎಕ್ಸ್. ಎಂಬ ಬಟ್ಟೆ ಅಂಗಡಿಗಳ ದೊಡ್ಡ ಕಂಪನಿ ಇದೆ. 2005ರಲ್ಲಿ ಅದರ ಒಂದು ಅಂಗಡಿಯ ವೈ-ಫೈ ಬೀಗ ಸಡಿಲಾಗಿತ್ತು. ಕಳ್ಳರು ಹೊರಗಿನಿಂದಲೇ ಅದರೊಳಗೆ ನುಗ್ಗಿ, ಅಲ್ಲಿಂದ ಕಂಪನಿಯ ಮುಖ್ಯ ಕಂಪ್ಯೂಟರುಗಳಿಗೆ ಹೋಗಿ 4 ಕೋಟಿ 57 ಲಕ್ಷ ಕಾರ್ಡುಗಳ ವಿವರ ದೋಚಿದರು. ಕಂಪನಿ ಅದನ್ನು ಬಹಿರಂಗಪಡಿಸಿದ್ದು 2007ರಲ್ಲಿ. ನಮ್ಮ ಸಹಕಾರ ರಂಗವೂ ಕಳ್ಳರ ಕಣ್ಣಿನಿಂದ ದೂರ ಇಲ್ಲ. ವೈ-ಫೈಯಿಂದ ಆದದ್ದಲ್ಲವಾದರೂ ಪುಣೆಯ ಕಾಸ್ಮಸ್ ಸಹಕಾರಿ ಬ್ಯಾಂಕಿನಿಂದ 2018ರ ಆಗಸ್ಟಿನಲ್ಲಿ ಸೈಬರ್ ಕಳ್ಳರು 94 ಕೋಟಿ ರೂಪಾಯಿ ಎಳೆದರು. ಅಂಥ ದೊಡ್ಡ ಬ್ಯಾಂಕಿಗೆ ತಡೆದುಕೊಳ್ಳುವ ಶಕ್ತಿ ಇರುತ್ತದೆ. ನಮ್ಮಂಥ ಸಣ್ಣ ಸಂಘದಲ್ಲಿ ಅಕ್ಕ-ತಂಗಿಯರು ವಾರವಾರ ಕಟ್ಟಿದ ಉಳಿತಾಯ ಹೋದರೆ ರೊಕ್ಕದ ಜೊತೆಗೆ ಇಪ್ಪತ್ತೈದು ವರ್ಷದ ನಂಬಿಕೆಯೂ ಹೋಗುತ್ತದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ನಮ್ಮ ಪಾಲಿಗೆ ಬರಬಾರದು.

ವೈ-ಫೈ ಬಳಸುವ ಸದಸ್ಯರಿಗೂ ಎಚ್ಚರ ಬೇಕು. ಬ್ಯಾಂಕಿನ ಆಪ್‌ಗಳು ಇಂದು ತಮ್ಮ ಸಂದೇಶವನ್ನು ಗುಪ್ತ ಲಿಪಿಯಲ್ಲಿ ಬೀಗ ಹಾಕಿಯೇ ಕಳಿಸುತ್ತವೆ. ಆದ್ದರಿಂದ ವೈ-ಫೈ ಮುಟ್ಟಿದ ಕೂಡಲೇ ರೊಕ್ಕ ಹೋಗುತ್ತದೆ ಎಂಬ ಮಾತು ನಂಬಬೇಡಿ. ಮೋಸ ಬೇರೆ ದಾರಿಯಲ್ಲಿ ಬರುತ್ತದೆ. ಒಬ್ಬ ಮೋಸಗಾರ ತನ್ನ ಮೊಬೈಲಿನಿಂದಲೇ ನಮ್ಮ ಸಂಘದ ಹೆಸರಿಟ್ಟು ಇನ್ನೊಂದು ವೈ-ಫೈ ಬಿಡಬಹುದು. ಹೆಸರು ನೋಡಿ ನೀವು ಸೇರಿದರೆ ಬ್ಯಾಂಕಿನಂತೆಯೇ ಕಾಣುವ ಪುಟ ತೋರಿಸಿ ನಂಬರು, ಪಿನ್ ಕೇಳಬಹುದು. ಅಥವಾ ನಾವು ಅಂಟಿಸಿದ ಕ್ಯೂ.ಆರ್. ಚೀಟಿಯ ಮೇಲೆ ತನ್ನ ಚೀಟಿ ಅಂಟಿಸಬಹುದು. ವೈ-ಫೈಗೆ ಸೇರಲು ಯು.ಪಿ.ಐ. ಪಿನ್ ಎಂದೂ ಬೇಕಾಗುವುದಿಲ್ಲ. ಯಾವುದೇ ಆಪ್ ಇಳಿಸಿಕೊಳ್ಳಿ ಎಂದು ಲಿಂಕು ಬಂದರೆ ಒತ್ತಬೇಡಿ. ರೊಕ್ಕ ಕಳಿಸುವ ಕೆಲಸ ನಿಮ್ಮ ಸ್ವಂತ ಸಿಮ್ಮಿನ ಇಂಟರ್‌ನೆಟ್ಟಿನಲ್ಲೇ ಮಾಡುವುದು ಲೇಸು. ಮೋಸವಾಯಿತು ಎಂದು ಗೊತ್ತಾದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ರೊಕ್ಕ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಹಾಗಾದರೆ ದಾರಿ ಏನು? ದಾರಿ ಇದೆ. 2020ರ ಡಿಸೆಂಬರ್ 9ರಂದು ಕೇಂದ್ರ ಸಚಿವ ಸಂಪುಟ ಪಿ.ಎಂ.-ವಾಣಿ ಎಂಬ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಕಿರಾಣಿ ಅಂಗಡಿ, ಚಹಾ ಅಂಗಡಿ, ಸಂಘ-ಸಂಸ್ಥೆ ಯಾರು ಬೇಕಾದರೂ ಸಾರ್ವಜನಿಕ ಡೇಟಾ ಕಚೇರಿಯಾಗಿ ವೈ-ಫೈ ಹಂಚಬಹುದು. ಅದಕ್ಕೆ ದೂರಸಂಪರ್ಕ ಇಲಾಖೆಯ ಲೈಸೆನ್ಸ್ ಬೇಡ, ನೋಂದಣಿ ಬೇಡ, ಶುಲ್ಕ ಬೇಡ. ಹಂಚುವವರ ಮೇಲೆ ಇಲಾಖೆಯಲ್ಲಿ ನೋಂದಣಿಯಾದ ಅಗ್ರಿಗೇಟರ್ ಸಂಸ್ಥೆ ಇರುತ್ತದೆ. ಬಳಸುವವರು ಆಪ್‌ನಲ್ಲಿ ಮೊಬೈಲ್ ನಂಬರಿನಿಂದ ಗುರುತು ಕೊಡುತ್ತಾರೆ. ಯಾರು, ಯಾವಾಗ ಸೇರಿದರು ಎಂಬ ಲೆಕ್ಕದ ಕೆಲಸ ಆ ಸಂಸ್ಥೆಯದು. ನಮ್ಮ ಪಾಲಿಗೆ ಉಳಿಯುವುದು ಸಂಪರ್ಕ ಮತ್ತು ಪೆಟ್ಟಿಗೆ ನೋಡಿಕೊಳ್ಳುವುದು. ಇಂಥ ಸಂಪರ್ಕಕ್ಕೆ ಕಂಪನಿಗಳು ದುಬಾರಿ ದರ ಕೇಳುತ್ತವೆ ಎಂಬ ದೂರು ಇತ್ತು. 2025ರ ಜೂನ್‌ನಲ್ಲಿ ಟ್ರಾಯ್ ಸಂಸ್ಥೆಯು 200 ಎಂ.ಬಿ.ಪಿ.ಎಸ್. ವೇಗದವರೆಗಿನ ಸಂಪರ್ಕಕ್ಕೆ ಮನೆಯವರಿಗಿರುವ ದರದ ಎರಡು ಪಟ್ಟಿಗಿಂತ ಹೆಚ್ಚು ಕೇಳಬಾರದು ಎಂದು ಆದೇಶ ಮಾಡಿದೆ.

ಇದನ್ನೆಲ್ಲ ಯೋಚಿಸಿ ನಾವು ಸಭೆಯ ಮುಂದೆ ಈ ಸಲಹೆಗಳನ್ನು ಇಡುತ್ತೇವೆ.

1. ಕಟ್ಟೆಯ ವೈ-ಫೈಗೆ ಬೇರೆ ಸಂಪರ್ಕ, ಬೇರೆ ಪೆಟ್ಟಿಗೆ ಇರಬೇಕು. ಲೆಕ್ಕದ ಕಂಪ್ಯೂಟರಿನ ಸಂಪರ್ಕವನ್ನು ಯಾರಿಗೂ, ನಿರ್ದೇಶಕರ ಮೊಬೈಲಿಗೂ ಕೊಡಬಾರದು.

2. ಪಿ.ಎಂ.-ವಾಣಿ ಪದ್ಧತಿಯಲ್ಲೇ, ಮೊಬೈಲ್ ಗುರುತಿನಿಂದಲೇ ಕೊಡಬೇಕು. ಕರಾರು ಪತ್ರವನ್ನು ಪೂರ್ತಿ ಓದಿ, ದಾಖಲೆ ಯಾರು, ಎಷ್ಟು ದಿನ ಇಡುತ್ತಾರೆ ಎಂಬುದನ್ನು ಬರಹದಲ್ಲಿ ಪಡೆದ ಮೇಲೆಯೇ ಸಹಿ ಮಾಡಬೇಕು.

3. ಸಂಘದಲ್ಲಿ ಯಾರ ಆಧಾರ್ ಝೆರಾಕ್ಸನ್ನೂ ಇದಕ್ಕಾಗಿ ಕೂಡಿಡಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹಂತಹಂತವಾಗಿ ಜಾರಿಗೆ ಬರುತ್ತಿದೆ. ಜನರ ಮಾಹಿತಿ ಕಾಪಾಡಲು ತಪ್ಪಿದವರಿಗೆ ಅದರಲ್ಲಿ 250 ಕೋಟಿ ರೂಪಾಯಿ ತನಕ ದಂಡ ಹಾಕುವ ಅವಕಾಶ ಇದೆ. ಬೇಡದ ಕಾಗದ ಇಟ್ಟುಕೊಂಡರೆ ಬೇಡದ ಹೊಣೆ.

4. ಪೆಟ್ಟಿಗೆಯ ಜೊತೆ ಬಂದ ಹಳೇ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಬೇಕು, ಅದರ ಸಾಫ್ಟ್‌ವೇರ್ ಆಗಾಗ ಹೊಸದು ಮಾಡಿಸಬೇಕು. 2018ರಲ್ಲಿ ವಿ.ಪಿ.ಎನ್.-ಫಿಲ್ಟರ್ ಎಂಬ ದುಷ್ಟ ತಂತ್ರಾಂಶ ಜಗತ್ತಿನಲ್ಲಿ ಸುಮಾರು 5 ಲಕ್ಷ ಇಂಥ ಪೆಟ್ಟಿಗೆಗಳಿಗೆ ಸೇರಿಕೊಂಡಿತ್ತು. ಪೆಟ್ಟಿಗೆ ಕೈಗೆ ಸಿಗದ ಎತ್ತರದಲ್ಲಿ, ಬೀಗದೊಳಗೆ ಇರಲಿ.

5. ಒಬ್ಬರ ಮೊಬೈಲ್ ಇನ್ನೊಬ್ಬರ ಮೊಬೈಲಿಗೆ ಕಾಣದ ಹಾಗೆ ಮಾಡುವ ವ್ಯವಸ್ಥೆಯನ್ನು ಜೋಡಿಸುವವರಿಂದ ಮಾಡಿಸಿಕೊಳ್ಳಬೇಕು. ಮಕ್ಕಳು ನೋಡಬಾರದ ಅಶ್ಲೀಲ ತಾಣ, ರೊಕ್ಕದ ಆಟದ ತಾಣಗಳನ್ನು ತಡೆಯಲು ಹೇಳಬೇಕು. ರೊಕ್ಕ ಹಚ್ಚಿ ಆಡುವ ಆನ್‌ಲೈನ್ ಆಟಗಳ ವಿರುದ್ಧ ಕೇಂದ್ರ ಸರ್ಕಾರ 2025ರಲ್ಲಿ ಕಾಯ್ದೆಯನ್ನೇ ತಂದಿದೆ.

6. ಬೆಳಿಗ್ಗೆ ಸಂಘ ತೆರೆದಾಗ ಶುರು, ರಾತ್ರಿ ಎಂಟಕ್ಕೆ ಬಂದ್. ಪರೀಕ್ಷೆಯ ದಿನಗಳಲ್ಲಿ ಓದುವ ಮಕ್ಕಳಿಗಾಗಿ ಒಂದು ತಾಸು ಹೆಚ್ಚು.

7. ವೈ-ಫೈಯ ಸರಿಯಾದ ಹೆಸರು, ಬಳಕೆಯ ನಿಯಮ, 1930ರ ನಂಬರು ಇವನ್ನು ದೊಡ್ಡ ಕನ್ನಡ ಅಕ್ಷರದಲ್ಲಿ ಗೋಡೆಗೆ ಬರೆಸಬೇಕು.

8. ಪೊಲೀಸರು ಮಾಹಿತಿ ಕೇಳಿದರೆ ಲಿಖಿತ ನೋಟಿಸು ಪಡೆದು, ಅಧ್ಯಕ್ಷರಿಗೆ ತಿಳಿಸಿ, ಇದ್ದ ದಾಖಲೆ ಕೊಟ್ಟು, ಸ್ವೀಕೃತಿ ತೆಗೆದುಕೊಳ್ಳಬೇಕು. ಮುಚ್ಚಿಡುವುದೂ ಬೇಡ, ಗಾಬರಿಯೂ ಬೇಡ.

9. ಇದೆಲ್ಲವನ್ನೂ ಠರಾವು ಮಾಡಿ ನಡಾವಳಿ ಪುಸ್ತಕದಲ್ಲಿ ಬರೆಯಬೇಕು. ನಾಳೆ ನಮ್ಮ ಎಚ್ಚರಿಕೆಗೆ ಅದೇ ಸಾಕ್ಷಿ.

ಇಷ್ಟೆಲ್ಲ ಕಟ್ಟುಪಾಡು ಯಾಕೆ, ಗ್ರಾಮ ಪಂಚಾಯಿತಿಯವರೇ ಮಾಡಲಿ ಬಿಡ್ರಿ ಎಂದು ಕೆಲವು ಹಿರಿಯರು ಹೇಳಿದ್ದಾರೆ. ಅವರ ಕಳಕಳಿ ನಮಗೆ ಅರ್ಥವಾಗುತ್ತದೆ. ಆದರೆ 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ದೇಶದ ಮೊದಮೊದಲ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲಿ ಒಂದನ್ನು ಕಟ್ಟಿದಾಗಲೂ ಹಳ್ಳಿಯವರಿಗೆ ಸಾಲದ ಲೆಕ್ಕ ಹೊಸದೇ ಆಗಿತ್ತು. ಪುಸ್ತಕ ಬರೆಯುವುದು, ಸಹಿ ಹಾಕಿಸುವುದು, ತಪಾಸಣೆ ಮಾಡಿಸುವುದು ಕಲಿತ ಮೇಲೆಯೇ ಸಂಘಗಳು ನಿಂತವು. ಇದೂ ಅಂಥದ್ದೇ ಒಂದು ಹೊಸ ಲೆಕ್ಕ. ಇನ್ನು ಖರ್ಚಿನ ಮಾತು. ಬೇರೆ ಸಂಪರ್ಕಕ್ಕೆ ತಿಂಗಳ ಬಿಲ್ಲು ಬರುತ್ತದೆ, ಪೆಟ್ಟಿಗೆಗೆ ರೊಕ್ಕ ಬೇಕು. ಬಳಸುವವರಿಗೆ ಪುಕ್ಕಟೆ ಆದರೂ ಸಂಘಕ್ಕೆ ಪುಕ್ಕಟೆ ಅಲ್ಲ ಎಂಬುದು ಎಲ್ಲರಿಗೂ ಗೊತ್ತಿರಲಿ. ಆ ಖರ್ಚನ್ನು ಮಂಡಳಿ ಲೆಕ್ಕ ಹಾಕಿ ಮುಂದಿನ ಸಭೆಗೆ ತರಲಿ, ನೀವು ನೋಡಿ ಒಪ್ಪಿ.

ಹುಡುಗರಿಗೆ ಒಂದು ಮಾತು. ನಿಮ್ಮ ಅರ್ಜಿಯನ್ನು ನಾವು ತಳ್ಳಿಹಾಕಿಲ್ಲ. ನಿಮ್ಮಲ್ಲಿ ಕಂಪ್ಯೂಟರ್ ಕಲಿತ ಇಬ್ಬರನ್ನು ಈ ಕೆಲಸದ ಉಪಸಮಿತಿಗೆ ತೆಗೆದುಕೊಳ್ಳಬೇಕೆಂದು ಅಧ್ಯಕ್ಷರನ್ನು ಕೇಳಿಕೊಳ್ಳುತ್ತೇವೆ. ಬೇಡಿಕೆ ಇಟ್ಟವರೇ ಹೊಣೆಯನ್ನೂ ಹಂಚಿಕೊಂಡರೆ ಅದೇ ಸಹಕಾರ. ಎಲ್ಲರಿಗಾಗಿ ನಾನು, ನನಗಾಗಿ ಎಲ್ಲರೂ ಎಂಬ ನಮ್ಮ ತತ್ವ ವೈ-ಫೈಗೂ ಒಪ್ಪುತ್ತದೆ. ಎಲ್ಲರಿಗೂ ಸಿಗಲಿ, ಆದರೆ ಒಬ್ಬನ ಕೇಡಿಗೆ ಎಲ್ಲರೂ ತಲೆ ಕೊಡುವ ಹಾಗೆ ಆಗಬಾರದು.



ಜೈ ಸಹಕಾರ. ಜೈ ಕರ್ನಾಟಕ.